ಅಪ್ಪನ ಸೀಟು

ನಾನು ಪೈಲಟ್ ಆಗಿದ್ದ ಕಂಪನಿ ಎರಡು ವರ್ಷವೂ ಬಾಳಲಿಲ್ಲ. ಆದರೂ ಅದರ ಮಾತು ಬಂದರೆ ನಾನು ಎದೆಯುಬ್ಬಿಸಿಯೇ ಹೇಳುವುದು. ಹಿಮಾಲಯದ ಮೂಲೆಯ ಊರುಗಳಿಗೆ ಹಾರುತ್ತಿದ್ದ ಪುಟ್ಟ ವಿಮಾನ ನಮ್ಮದು. ಜೀಪಿನಲ್ಲಿ ಎರಡು ದಿನದ ದಾರಿ, ನಮ್ಮಲ್ಲಿ ಅರ್ಧ ಗಂಟೆ. ಗಂಡಸಿ ಎಂಬ ಹಳ್ಳಿಯ ತೆಂಗಿನ ತೋಟದಲ್ಲಿ ಬೆಳೆದವಳು ಅದನ್ನು ಹಾರಿಸುತ್ತಿದ್ದಳು ಅಂದರೆ ಸುಮ್ಮನೆ ಮಾತಲ್ಲ.

ಮಗಳ ವಿಮಾನದಲ್ಲಿ ಒಮ್ಮೆ ಕೂರಬೇಕೆಂದು ಅಪ್ಪನಿಗೆ ಒಂದೇ ಹಟ. ಅರಸೀಕೆರೆಯಲ್ಲಿ ರೈಲು ಹತ್ತುವ ಮೊದಲೇ ಊರಿಗೆಲ್ಲ ಡಂಗುರ ಹೊಡೆದಿದ್ದ. ಮೇಲಕ್ಕೆ ಬರುವಾಗ ವಿಮಾನದಲ್ಲಿ ಸೀಟು ಸಿಗದೆ ಜೀಪಿನಲ್ಲಿ ಬಂದು, ಸೊಂಟ ಹಿಡಿದುಕೊಂಡೇ, "ಇಳಿಯೋದು ಮಾತ್ರ ನಿನ್ ಜೊತೇಲೇ" ಅಂದ.

ಅಷ್ಟು ಎತ್ತರದಲ್ಲಿ ಗಾಳಿ ತೆಳು. ಭಾರ ಹೆಚ್ಚಾದರೆ ವಿಮಾನ ಏಳುವುದಿಲ್ಲ. ಹಾಗಾಗಿ ಲಗೇಜಿನ ಜೊತೆ ಜನರನ್ನೂ ತೂಗುತ್ತಿದ್ದೆವು. ತೂಕದ ಮೆಷಿನ್ ಮೇಲೆ ನಿಂತ ಅಪ್ಪ, "ಇದೇನವ್ವ, ಕೊಬ್ಬರಿ ಮಂಡಿ ಮಾಡ್ಕಂಡಿದ್ದೀರಾ?" ಅಂತ ನಕ್ಕ.

ಬೆಲ್ಟ್ ಕಟ್ಟಿಕೊಂಡು ಕೂತದ್ದೂ ಆಯಿತು. ಅಷ್ಟರಲ್ಲಿ ಹೆರಿಗೆ ನೋವು ತಿನ್ನುತ್ತಿದ್ದ ಹುಡುಗಿಯೊಬ್ಬಳನ್ನು ಕರೆತಂದರು. ಮಗು ಅಡ್ಡಲಾಗಿತ್ತು, ಅಲ್ಲಿಯ ನರ್ಸ್ ಕೈಚೆಲ್ಲಿದ್ದಳು. ಅವಳ ಜೊತೆ ನರ್ಸೂ ಬರಲೇಬೇಕು. ಖಾಲಿ ಇದ್ದದ್ದು ಒಂದೇ ಸೀಟು. ಮಿಕ್ಕವರೆಲ್ಲ ಆ ಊರಿನವರು, ಒಬ್ಬೊಬ್ಬರಿಗೂ ಕೆಳಗೆ ಏನಾದರೊಂದು ತುರ್ತು. ಆಸೆಗೆಂದು ಹತ್ತಿದ್ದವನು ನಮ್ಮಪ್ಪ ಒಬ್ಬನೇ.

"ಅಪ್ಪ, ನೀನು ಇಳೀಬೇಕು ಕಣಪ್ಪ" ಅಂದೆ.

ಅಪ್ಪ ನನ್ನ ಮುಖ ನೋಡಿದ. ಬೆಲ್ಟ್ ಬಿಚ್ಚಲು ಬರದೆ ತಡಕಾಡಿದ, ನಾನೇ ಬಿಚ್ಚಿದೆ. "ನಡಿ, ಹೊತ್ತು ಮಾಡ್ಬ್ಯಾಡ" ಅಂದವನು ತಿರುಗಿಯೂ ನೋಡದೆ ಇಳಿದ.

ತಾಯಿ, ಮಗು ಇಬ್ಬರೂ ಉಳಿದರು. ಅಪ್ಪ ರಾಗಿ ಕೊಯ್ಲಿಗೆ ಹೊತ್ತಾಯಿತೆಂದು ಮತ್ತೆ ಜೀಪಿನಲ್ಲೇ ಇಳಿದು ರೈಲು ಹಿಡಿದ. ಮುಂದಿನ ಸಲ ಕೂರಿಸಿದರಾಯಿತು ಅಂದುಕೊಂಡಿದ್ದೆ. ಅಷ್ಟರಲ್ಲಿ ಕಂಪನಿಯೇ ಬಾಗಿಲು ಹಾಕಿತು. ಆ ಸಂಕಟ ನನ್ನನ್ನು ಬಹಳ ದಿನ ಬಿಡಲಿಲ್ಲ.

ಮೊನ್ನೆ ಹಳೇಬೀಡಿನಲ್ಲಿ ನೆಂಟರ ಮದುವೆ. ಪಂಕ್ತಿಯಲ್ಲಿ ಪಕ್ಕ ಕೂತವರೊಬ್ಬರು ಅಪ್ಪನನ್ನು ಕೆಣಕಿದರು: "ಏನ್ ಯಜಮಾನ್ರೇ, ಮಗಳೇ ವಿಮಾನ ಓಡ್ಸುದ್ರೂ ನೀವು ಹತ್ಲೇ ಇಲ್ವಂತೆ?"

ನಾನು ಎತ್ತಿದ ತುತ್ತನ್ನು ಎಲೆಗೇ ಇಳಿಸಿದೆ. ಅಪ್ಪ ಆರಾಮಾಗಿ ಅನ್ನಕ್ಕೆ ಸಾರು ಕಲಸಿಕೊಳ್ಳುತ್ತಾ ಹೇಳಿದ:

"ಹತ್ತಿ ಕೂತಿದ್ದೆ ಕಣ್ರೀ. ಅಪ್ಪ ಅಂತಾನೂ ನೋಡ್ದೆ ಇಳಿಸ್ಬುಟ್ಲು. ಅಂಥಾ ಮಗಳು ನಿಮ್ ಮನೇಲವ್ಳಾ?"