ಹರಪನಹಳ್ಳಿಯಲ್ಲಿ ಮಲಗಿದ್ದ ನಮ್ಮತ್ತೆ

ಮೊದಲು ನಕ್ಕಿದ್ದು ಅತ್ತೆ. ಅಥವಾ ನಾನೇ ಇರಬೇಕು. ಕಳೆದ ವಾರದ ಸಂಗತಿ, ಆಗಲೇ ಎರಡು ಥರ ನೆನಪಾಗುತ್ತಿದೆ. ಖಾತ್ರಿ ಇರುವುದು ಇಷ್ಟು: ಕೂಡ್ಲಿಗಿಯ ಒಂದು ಆಸ್ಪತ್ರೆಯಲ್ಲಿ ಸೋದರತ್ತೆ ಕೊಟ್ರಮ್ಮ ನನ್ನ ಪಕ್ಕದಲ್ಲೇ ಕೂತಿದ್ದಳು. ಕಂಪ್ಯೂಟರ್ ಮಾತ್ರ ಅವಳು ಹರಪನಹಳ್ಳಿಯ ಆಸ್ಪತ್ರೆಯೊಂದರಲ್ಲಿ ಮಲಗಿದ್ದಾಳೆ ಅಂದಿತು.

"ಅಲ್ಲಿ ವಾರ್ಡಿನ್ಯಾಗ ಅದೀರಂತ ತೋರಸ್ತೈತಲ್ಲಮ್ಮ!" ಎಂದಳು ನರ್ಸ್.

"ಹಂಗಾರ ಇಲ್ಲಿ ಕುಂತಿರೋದು ನನ್ನ ದೆವ್ವೇನು? ದೆವ್ವಕ್ಕ ಒಂದು ಚಾ ಆದ್ರೂ ಕುಡಿಸ್ರಿ," ಎಂದಳು ಅತ್ತೆ.

ಆಸ್ಪತ್ರೆಗಳ ಕಂಪ್ಯೂಟರುಗಳು ಈಗ ಒಂದೇ ಭಾಷೆ ಕಲಿಯುತ್ತಿವೆ. (ಸ್ಟ್ಯಾಂಡರ್ಡ್ ಎನ್ನುತ್ತಾರೆ ಅದಕ್ಕೆ.) ಯಾರಿಗೆ ಯಾವ ಕಾಯಿಲೆ, ಯಾವ ವಾರ್ಡಿನಲ್ಲಿ ಯಾವ ಹಾಸಿಗೆ ಖಾಲಿ, ಎಲ್ಲವೂ ಒಂದೇ ಪರದೆಗೆ. ಒಳ್ಳೆಯದೇ. ಆದರೆ ಕೊಟ್ಟೂರಿನ ಸುತ್ತ ಓಣಿಗೊಬ್ಬಳು ಕೊಟ್ರಮ್ಮ ಇರುತ್ತಾಳೆ, ಅವಳ ಗಂಡನೂ ಕೊಟ್ರಪ್ಪನೇ ಆಗಿರಬಹುದು ಎಂದು ಆ ಭಾಷೆಗೆ ಹೇಳಿಕೊಟ್ಟವರು ಯಾರು? ಹುಟ್ಟಿದ ದಿನ ಗೊತ್ತಿಲ್ಲದವರಿಗೆಲ್ಲ ಜನವರಿ ಒಂದು ಎಂದು ಬರೆಸಿದವರು ನಾವೇ. ಹೆಸರು ಒಂದೇ, ಗಂಡನ ಹೆಸರು ಒಂದೇ, ಹುಟ್ಟಿದ ದಿನವೂ ಒಂದೇ. ಇಬ್ಬರು ಹೆಂಗಸರು ಒಬ್ಬಳಾದರು.

ಅತ್ತೆಯ ಕಾಲಿನ ಗಾಯಕ್ಕೆ ಇಂಜೆಕ್ಷನ್ ಹಿಡಿದಿದ್ದ ನರ್ಸ್ ತಟ್ಟನೆ ನಿಂತಳು. ಪರದೆಯ ಮೇಲೆ ಕೆಂಪು ಅಕ್ಷರ: ಪೆನಿಸಿಲಿನ್ ಕೊಡಬಾರದು, ಜೀವಕ್ಕೆ ಅಪಾಯ.

"ನನಗ ಅಂಥಾದ್ದೇನಿಲ್ಲವ್ವ, ಎಷ್ಟೋ ಸಲ ಹಾಕಿಸ್ಕೊಂಡೀನಿ..." ಅತ್ತೆಯ ನಗು ನಿಂತಿತು. "ಹಂಗಾರ ಇದು ಆಕಿದು. ಅಲ್ಲಿ ಆಕಿಗೆ ಏನು ಚುಚ್ಚಾಕತ್ಯಾರ? ಫೋನ್ ಹಚ್ಚೋ ಲೇ!"

ನನಗೆ ಆಗ ಹೊಳೆಯಿತು. ಆ ಕೊಟ್ರಮ್ಮನ ಎಚ್ಚರಿಕೆ ಇಲ್ಲಿಗೆ ಬಂದಿದ್ದರೆ, ಅತ್ತೆಗೆ ಈ ಔಷಧ ಒಗ್ಗುತ್ತದೆ ಎಂಬ ಮಾಹಿತಿ ಅಲ್ಲಿಗೆ ಹೋಗಿರಬಹುದಲ್ಲ?

ಫೋನ್ ಎಂಗೇಜ್. ಮತ್ತೆ ಎಂಗೇಜ್. ಅಷ್ಟರಲ್ಲಿ ಪರದೆಯ ಮೇಲೆ ಹರಪನಹಳ್ಳಿಯ ಆ ಕೊಟ್ರಮ್ಮನ ಹಾಸಿಗೆ ಹಸಿರಾಯಿತು. ಹಸಿರೆಂದರೆ ಖಾಲಿ.

"ಮನಿಗೆ ಹೋದ್ಳೇನು?" ಅತ್ತೆ ಕೇಳಿದಳು.

"ಅದನ್ನ ಇನ್ನೂ ಹಾಕಿಲ್ಲಮ್ಮ. ಖಾಲಿ ಆತು ಅಂತಷ್ಟ ಬರತೈತಿ."

ಕೊನೆಗೆ ಆ ಕಡೆ ಯಾರೋ ಫೋನ್ ಎತ್ತಿದರು. "ಯಾವ ಕೊಟ್ರಮ್ಮ ಸಾರ್? ಅವ್ರು ಕೂಡ್ಲಿಗಿ ಆಸ್ಪತ್ರೇಲಿ ಅದಾರೆ ಅಂತ ತೋರಿಸ್ತೈತೆ."

ಅತ್ತೆ ತನ್ನ ಕೈಯನ್ನೇ ಒಮ್ಮೆ ಮುಟ್ಟಿ ನೋಡಿಕೊಂಡಳು. (ಇದು ನಾನು ಆಮೇಲೆ ಸೇರಿಸಿಕೊಂಡ ನೆನಪೂ ಆಗಿರಬಹುದು.)

ಮರುದಿನ ಹರಪನಹಳ್ಳಿಗೆ ಹೋಗಿ ವಿಚಾರಿಸಿದೆ. ರೋಗಿಯ ವಿಷಯ ಹೊರಗಿನವರಿಗೆ ಹೇಳುವಂತಿಲ್ಲವಂತೆ. ನಿಯಮ ಸರಿಯಾಗಿಯೇ ಇದೆ.

ಆ ಹೆಂಗಸು ನಡೆದು ಹೋದಳೋ, ಅವಳನ್ನು ಹೊತ್ತು ಒಯ್ದರೋ, ನನಗೆ ಇವತ್ತಿಗೂ ಗೊತ್ತಿಲ್ಲ.