ಹಣಮಪ್ಪನಿಗೆ ಕೊಟ್ಟ ಕಲ್ಲಿನ ಪಾದ

ಖಣಿ ದಂಡೆಯ ಹಣಮಂತ ದೇವರ ಸಮಸ್ತ ಭಕ್ತರಲ್ಲಿ, ವಾಡಿಯ ಶಿವಪುತ್ರನೆಂಬ ಫುಟ್‌ಬಾಲ್ ಆಟಗಾರನು ಎರಡೂ ಕಾಲ ಮೇಲೆ ನಿಂತು ಅರಿಕೆ ಮಾಡಿಕೊಳ್ಳುವುದೇನೆಂದರೆ: ಹೋದ ವರ್ಷ ದಸರೆ ಮುಗಿದ ವಾರ, ಗೋವಾದ ಮೈದಾನವೊಂದರಲ್ಲಿ, ನೆರೆದ ಮಹಾಜನರ ಸಮ್ಮುಖದಲ್ಲಿ ನನ್ನ ಬಲ ಮೊಣಕಾಲು ದಿವಂಗತವಾಯಿತು. ಯಾರೂ ನನ್ನನ್ನು ಮುಟ್ಟಿರಲಿಲ್ಲ. ಚೆಂಡಿನ ಹಿಂದೆ ಓಡುತ್ತಿದ್ದವನು ಬಲಕ್ಕೆ ತಿರುಗಿದೆ. ದೇಹ ತಿರುಗಿತು, ಕಾಲು ಒಪ್ಪಲಿಲ್ಲ. ಒಣ ಕಟ್ಟಿಗೆ ಮುರಿದ ಹಾಗೆ ಒಳಗೊಂದು ಸದ್ದಾಯಿತು.

ನಾನು ಫಾರ್ವರ್ಡ್, ಎಂದರೆ ಗೋಲು ಹೊಡೆಯುವುದಕ್ಕೆಂದೇ ಸಂಬಳ ಪಡೆಯುವವನು. ವಾಡಿಯ ರೈಲ್ವೆ ಕಾಲೊನಿಯ ಮೈದಾನದಲ್ಲಿ ಬರಿಗಾಲಲ್ಲಿ ಕಲಿತ ಆಟ ಹನ್ನೊಂದು ವರ್ಷ ನನಗೆ ಅನ್ನ ಹಾಕಿತ್ತು. ಹೊಡೆದ ಗೋಲೆಲ್ಲ ಬಲಗಾಲಿನವು. ಎಡಗಾಲು ನಿಲ್ಲುವುದಕ್ಕೆ, ಬಸ್ಸು ಹತ್ತುವುದಕ್ಕೆ ಮಾತ್ರ. ದುಡಿಯದ ತಮ್ಮನನ್ನು ಮನೆಯಲ್ಲಿಟ್ಟುಕೊಂಡಂತೆ ಅದನ್ನು ಸಾಕಿಕೊಂಡಿದ್ದೆ. ಮೂವತ್ತೊಂದರ ವಯಸ್ಸಿನಲ್ಲಿ ನನಗೆ ಬೇರೆ ಯಾವ ವಿದ್ಯೆಯೂ ಬಾರದು.

ಹೈದರಾಬಾದಿನಲ್ಲಿ ಆಪರೇಷನ್ ಆಯಿತು. ನನ್ನ ಹೆಂಡತಿ ನಾಗಮ್ಮನ ತವರು ತೆಲುಗು ಗಡಿಯ ಸೇಡಂ. ಅಲ್ಲಿ ಉಳಿದು, ತಪಾಸಣೆಯ ದಿನ ಬೆಳಿಗ್ಗೆ ಮೊದಲ ಬಸ್ಸು ಹಿಡಿಯುತ್ತಿದ್ದೆವು. ನನ್ನ ಕಾಲು ಸೀಟುಗಳ ನಡುವಿನ ದಾರಿಗೆ ಅಡ್ಡ ಚಾಚಿರುತ್ತಿತ್ತು.

"ಕಾಲ ಒಳಗ ತಗೋರಿ, ಮಂದಿ ಹ್ಯಾಂಗ ಹೋಗಬೇಕು?" ಎಂದ ಒಂದು ದಿನ ಕಂಡಕ್ಟರ್.

"ಅದು ಮಡಚಲ್ರಿ," ಎಂದಳು ನಾಗಮ್ಮ.

"ಮಡಚಲ್ಲಂದ್ರ ಅದಕ್ಕೊಂದು ಬ್ಯಾರೆ ಟಿಕೆಟ್ ತಗೋರಿ."

"ದುಡಿಯೋದು ಬಿಟ್ಟು ನಾಲ್ಕು ತಿಂಗಳಾತು ಅದು. ಪುಕ್ಕಟೆ ಕರಕೊಂಡ ಹೋಗ್ರಿ, ಪುಣ್ಯ ಬರ್ತದ."

ಬಸ್ಸೆಲ್ಲ ನಕ್ಕಿತು. ನಾನು ಕಿಟಕಿಯ ಕಡೆಗೆ ಮುಖ ತಿರುಗಿಸಿದೆ.

ಅಂದು ಡಾಕ್ಟರು ನಾಗಮ್ಮನ ಜೊತೆ ತೆಲುಗಿನಲ್ಲಿ ಬಹಳ ಹೊತ್ತು ಮಾತಾಡಿದರು. "ಏನಂದ್ರು?" ಎಂದೆ. "ಓಡ್ತೀರಂತ," ಎಂದಳು. ಅಷ್ಟು ಉದ್ದದ ಮಾತಿಗೆ ಇಷ್ಟು ಚಿಕ್ಕ ಕನ್ನಡವೇ ಎಂದು ನನಗೆ ಆಗಲೇ ಸಂಶಯ. ಉಳಿದದ್ದನ್ನು ಆಕೆ ಮರಳುವಾಗ ತಾಂಡೂರು ದಾಟಿದ ಮೇಲೆ ಹೇಳಿದಳು: ನಡೆಯಬಹುದು, ಓಡಬಹುದು. ಆದರೆ ಆ ಕಾಲಿನಿಂದ ಜೋರಾಗಿ ಒದೆಯುವುದನ್ನು ಮರೆತುಬಿಡಬೇಕು. ಅದೇ ವಾರ ನಾನು ಆಡುತ್ತಿದ್ದ ಗೋವಾದ ಕ್ಲಬ್ಬಿನಿಂದ ಫೋನು ಬಂತು. ಶ್ರಾವಣದಲ್ಲಿ ಒಂದು ಸಲ ಆಡಿಸಿ ನೋಡುತ್ತಾರೆ. ಗೋಲು ಹೊಡೆಯಲಾಗದಿದ್ದರೆ ಕರಾರು ಮುಗಿಯಿತು.

ಆಗ ನಮ್ಮಪ್ಪ ಹೇಳಿದ, "ತಮ್ಮಾ, ಹಣಮಪ್ಪಗ ಪಾದ ಕೊಡಮು."

ನಮ್ಮ ದೇವರ ಪದ್ಧತಿ ನಿಮಗೆ ಗೊತ್ತೇ ಇದೆ. ಹೊರಗಿನವರು ಓದಿದರೆ ಇರಲಿ ಎಂದು ಬರೆಯುತ್ತೇನೆ. ಕಣ್ಣು ಬೇನೆಯಾದವರು ಕಲ್ಲಿನ ಕಣ್ಣು, ಕೈ ಮುರಿದವರು ಕಲ್ಲಿನ ಕೈ, ಕಾಲು ಕೆಟ್ಟವರು ಕಲ್ಲಿನ ಪಾದ ಮಾಡಿಸಿ ಕೊಡುತ್ತಾರೆ. ಪೂಜಾರಿ ಅದನ್ನು ಗುಡಿಯ ಗೋಡೆಯಲ್ಲಿ ಸಿಮೆಂಟು ಹಾಕಿ ಕೂಡಿಸುತ್ತಾನೆ. ಒಂದು ಬೇನೆಗೆ ಒಂದೇ ಕಲ್ಲು. ಕೊಟ್ಟದ್ದನ್ನು ಮರಳಿ ಕೇಳುವಂತಿಲ್ಲ.

ಅಪ್ಪ ಶಹಾಬಾದಿನ ಪಾಲಿಶ್ ಯಾರ್ಡಿನಲ್ಲಿ ನಲವತ್ತು ವರ್ಷ ನೆಲಕ್ಕೆ ಹಾಸುವ ಫರಸಿ ಕಲ್ಲು ಕೊಯ್ದವನು. ಬೇರೆಯವರ ಕೈಗೆ ಈ ಕೆಲಸ ಕೊಡಲು ಆತನ ಮನಸ್ಸು ಒಪ್ಪಲಿಲ್ಲ. ಒಳ್ಳೆಯ ಒಂದು ಫರಸಿ ಆರಿಸಿ, ಪಾಲಿಶ್ ಆದ ಮೈ ಕೆಳಗೆ ಮಾಡಿ ಇಟ್ಟ. "ನುಣುಪಿನ ಮ್ಯಾಲ ನಿಂತ್ರ ಜಾರ್ತಿ. ಈ ಕಡಿ ನಿಲ್ಲು," ಎಂದ. ಒರಟು ಮೈಯ ಮೇಲೆ ನನ್ನ ಬಲಪಾದ ಇರಿಸಿ, ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆದ. ಗೆರೆಗುಂಟ ಕೊಯ್ದು, ತಿರುವಿ ಹಾಕಿ, ನುಣುಪಿನ ಮೈಯಲ್ಲಿ ಬೆರಳು, ಉಗುರು ಎಲ್ಲ ಕೆತ್ತಿದ. ಅಂಥ ಉಗುರು ನನಗೇ ಇಲ್ಲ.

ಶನಿವಾರ ಪೂಜೆಯಾಗಿ, ಪಾದ ಗೋಡೆಯಲ್ಲಿ ಕೂತು, ಮಂಗಳಾರತಿಯೂ ಆಯಿತು. ನಾಗಮ್ಮ ಒಂದೇ ಸಮನೆ ಗೋಡೆ ನೋಡುತ್ತಿದ್ದಳು.

"ಮಾವಾ, ಹೆಬ್ಬೆರಳ ಯಾವ ಕಡಿ ಅದ ನೋಡ್ರಿ."

ಅಪ್ಪ ನೋಡಿದ. ತನ್ನ ಕಾಲು ನೋಡಿಕೊಂಡ. ಮತ್ತೆ ಗೋಡೆ ನೋಡಿದ. ಬಲಪಾದದ ಗೆರೆ ಎಳೆದ ಕಲ್ಲನ್ನು ತಿರುವಿ ಹಾಕಿದರೆ ಅದು ಎಡಪಾದವಾಗುತ್ತದೆ. ನಲವತ್ತು ವರ್ಷ ಚೌಕ ಕಲ್ಲು ಕೊಯ್ದವನಿಗೆ ತಿರುವಿದರೂ ಚೌಕ ಚೌಕವೇ. ಪಾದ ಹಾಗಲ್ಲ.

"ಪೂಜಾರ್ರೆ, ತೆಗೀರಿ ಅದನ್ನ. ಬ್ಯಾರೆ ಮಾಡ್ಕೊಂಡ ಬರ್ತೀನಿ," ಎಂದ ಅಪ್ಪ.

"ದೇವರಿಗಿ ಕೊಟ್ಟಿದ್ದು ಹೊಳ್ಳಿ ಕೇಳ್ತಿಯೇನೋ ಸಾಬಣ್ಣ? ಅದೇನು ಅಂಗಡ್ಯಾಗಿನ ಚಪ್ಪಲೇನು, ಅಳತಿ ಕೂಡಲಿಲ್ಲಂತ ಬದಲಿ ಮಾಡ್ಲಿಕ್ಕ?" ಎಂದ ಪೂಜಾರಿ ಅಪ್ಪನಿಗೆ.

ಇಂದು ಬರೆಯುವಾಗ ನಗು ಬರುತ್ತದೆ. ಅಂದು ಬರಲಿಲ್ಲ. ಮನೆಗೆ ಬಂದು ಅಪ್ಪನಿಗೆ ಆಡಬಾರದ ಮಾತು ಆಡಿದೆ. "ಡಾಕ್ಟರ ಒಂದು ಕಾಲ ಕಳದ, ನೀ ದೇವರನ್ನೂ ಕಳದಿ," ಎಂದೆ. ಅಪ್ಪ ಎದುರಿಗಿದ್ದ ತಾಟು ಸರಿಸಿ ಎದ್ದ.

ಮರುದಿನ ಮಧ್ಯಾಹ್ನ ನಾನು ರಾವೂರ ಕಡೆಯ, ಕಲ್ಲು ತೆಗೆದು ಬಿಟ್ಟ ಪಾಳು ಖಣಿಗೆ ಹೋದೆ. ತಳದಲ್ಲಿ ನಿಂತ ನೀರು ಹಸಿರಾಗಿತ್ತು. ಆಟದ ಬೂಟುಗಳನ್ನು ಎಸೆಯಲು ಹೋಗಿದ್ದೆನೆಂದು ಎಲ್ಲರಿಗೂ ಹೇಳಿದ್ದೇನೆ. ಭಕ್ತರ ಮುಂದೆ ಸುಳ್ಳು ಬರೆಯಬಾರದು. ಬೂಟು ಎಸೆದ ಮೇಲೂ ನಾನು ಅಲ್ಲಿಂದ ಏಳಲಿಲ್ಲ. ನೀರು ಎಷ್ಟು ಆಳವಿದ್ದೀತು ಎಂದು ನೋಡುತ್ತ ಕುಳಿತಿದ್ದೆ. "ಹಣಮಪ್ಪಾ, ನಿನಗೆ ನನ್ನ ಕಾಲು ತಿಳಿಯದಿದ್ದರೆ ಇನ್ನಾರಿಗೆ ತಿಳಿಯಬೇಕು?" ಎಂದು ಗಟ್ಟಿಯಾಗಿ ಕೇಳಿದೆ. ಖಣಿ ನನ್ನ ಮಾತನ್ನೇ ನನಗೆ ಮರಳಿಸಿತು.

ಎಷ್ಟು ಹೊತ್ತಾಯಿತೋ, ಹಿಂದೆ ನಾಗಮ್ಮ ನಿಂತಿದ್ದಳು. ಓಡಿ ಬಂದವಳಿಗೆ ಏದುಸಿರು ಹತ್ತಿತ್ತು.

"ಎರಡೂ ಬೂಟ ಎಸದ್ರೇನು?"

"ಹೂಂ."

"ಎಡಗಾಲಿಂದು ಇಟ್ಟಕೋಬೇಕಿತ್ತು. ದೇವರು ಎಡಗಾಲ ಇಸ್ಕೊಂಡಾನ. ಇಸ್ಕೊಂಡ ಮ್ಯಾಲ ಆತ ಅದಕ್ಕೇನರ ಮಾಡ್ಬೇಕಲ್ಲ? ನೀವು ನೋಡಿದ್ರ ಅದನ್ನ ಕುಂದ್ರಿಸಿ ಉಣಸ್ಲಿಕತ್ತೀರಿ." ಆಮೇಲೆ ನನ್ನ ರಟ್ಟೆ ಹಿಡಿದು ಎಳೆದಳು. "ಏಳ್ರಿ. ಮಾವ ನಿನ್ನಿಂದ ನೀರ ಸೈತ ಕುಡದಿಲ್ಲ. ನೀವಿಬ್ಬರೂ ಹಿಂಗ ಕುಂತ್ರ ನಾ ಯಾರಿಗಂತ ಅಳ್ಲಿ?"

ಎದ್ದೆ. ಎದ್ದದ್ದು ಎಡಗಾಲಿನ ಮೇಲೆಯೇ. ಬಲಗಾಲಿಗೆ ಆ ಶಕ್ತಿ ಇರಲಿಲ್ಲ.

ಯುಗಾದಿಯಿಂದ ಯಾರ್ಡಿನಲ್ಲಿ ಅಭ್ಯಾಸ ಶುರುವಾಯಿತು. ಅಪ್ಪ ನಿಲ್ಲಿಸಿಟ್ಟ ಫರಸಿಗಳ ಮೇಲೆ ಸುಣ್ಣದಿಂದ ಒಂದು ಚೌಕ ಬರೆದ. ನಾನು ಎಡಗಾಲಿನಿಂದ ಒದೆಯುವುದು, ಅಪ್ಪ ಚೆಂಡು ಮರಳಿ ಉರುಳಿಸುವುದು. ನಮ್ಮಿಬ್ಬರ ನಡುವೆ ಮಾತಿರಲಿಲ್ಲ, ಚೆಂಡು ಮಾತ್ರ ಓಡಾಡಿತು. ಮೊದಲ ತಿಂಗಳು ಆ ಚೌಕವೊಂದನ್ನು ಬಿಟ್ಟು ಯಾರ್ಡಿನಲ್ಲಿ ನಾನು ಹೊಡೆಯದ ವಸ್ತು ಉಳಿಯಲಿಲ್ಲ. ಕೆಲಸಗಾರರ ಚಹಾದ ಕಿಟ್ಲಿ, ಮಾಲೀಕರ ಸ್ಕೂಟರು, ಒಂದು ಸಲ ಸಾಕ್ಷಾತ್ ಮಾಲೀಕರು. ಅತ್ತಿದ್ದೇನೆ. ನಾಲ್ಕು ವರ್ಷದ ಕೂಸಿಗಿಂತ ಕೆಟ್ಟದಾಗಿ ಒದೆಯುತ್ತಿದ್ದೆ. ಕಾರಹುಣ್ಣಿಮೆ ದಾಟಿದ ಮೇಲೆ ಒಂದು ದಿನ ಚೆಂಡು ಚೌಕಕ್ಕೆ ಬಡಿದು ಫರಸಿ ಎರಡು ಹೋಳಾಯಿತು.

"ಹೊಸಾದು ನಿಲ್ಲಸ್ತೀನಿ, ತಡಿ," ಎಂದ ಅಪ್ಪ. ಮೂರು ತಿಂಗಳ ಮೇಲೆ ಆತನಾಡಿದ ಮೊದಲ ಮಾತು.

ಶ್ರಾವಣದಲ್ಲಿ ಗೋವಾಕ್ಕೆ ಹೋದೆ. ಕೋಚ್ ಕೊಟ್ಟದ್ದು ಇಪ್ಪತ್ತು ನಿಮಿಷ. ಮೊದಲ ಹದಿನೈದರಲ್ಲಿ ಎರಡು ಸಲ ಬಿದ್ದೆ. ಒಂದು ಚೆಂಡನ್ನು ಗೋಲಿನ ಮೇಲೆ ಹಾಯಿಸಿ ತೆಂಗಿನ ಮರಕ್ಕೆ ಅರ್ಪಿಸಿದೆ. ಕೋಚ್ ಗಡಿಯಾರ ನೋಡಿಕೊಂಡರು. ಹಣಮಪ್ಪಾ ಎನ್ನಲೂ ನನಗೆ ಬಾಯಿ ಬರಲಿಲ್ಲ. ಆಗ ಚೆಂಡು ನನ್ನ ಎಡಕ್ಕೆ ಬಂತು. ಗೋಲ್‌ಕೀಪರ್ ಮೂರು ವರ್ಷ ದಿನವೂ ನನ್ನೆದುರು ನಿಂತವನು. ನಾನು ಚೆಂಡನ್ನು ಬಲಗಾಲಿಗೆ ಎಳೆದುಕೊಂಡೇ ಹೊಡೆಯುತ್ತೇನೆಂದು ಬಲ್ಲವನು. ನಾನು ಒದೆಯುವ ಮೊದಲೇ ಆತ ಆ ಕಡೆಗೆ ಜಿಗಿದ. ನಾನು ಎಳೆದುಕೊಳ್ಳಲಿಲ್ಲ. ಎಡಗಾಲಿನಿಂದ, ಚೆಂಡು ಬಂದ ಹಾಗೆಯೇ ಹೊಡೆದೆ. ಬಲೆ ಅಲುಗಿದ್ದನ್ನು ನೋಡಿ ಅಲ್ಲೇ ಕೂತುಬಿಟ್ಟೆ.

ಮತ್ತೆ ಐದಾರು ಸಲ ಹೊಡೆಸಿ ನೋಡಿದರು. ಎಡಗಾಲಿನ ಫಾರ್ವರ್ಡ್ ಅವರ ಬಳಿ ಯಾರೂ ಇರಲಿಲ್ಲವಂತೆ. "ಈ ಕಾಲು ಎಲ್ಲಿತ್ತು ಇಷ್ಟು ದಿನ?" ಎಂದು ಕೋಚ್ ಹಿಂದಿಯಲ್ಲಿ ಕೇಳಿದರು. "ನಮ್ಮಪ್ಪ ಮಾಡಿಕೊಟ್ಟರು," ಎಂದೆ. ಅವರಿಗೆ ಅರ್ಥವಾಗಲಿಲ್ಲ, ಆದರೂ ಕರಾರು ಎರಡು ಸೀಸನ್ನಿಗೆ ಮುಂದುವರಿಯಿತು.

ಊರಿಗೆ ಬಂದ ಮೊದಲ ಶನಿವಾರ ಗುಡಿಗೆ ಹೋದೆವು. ನಾನು ದೇವರಿಗೆ ಕೈ ಮುಗಿಯುವ ಮುನ್ನ ಅಪ್ಪನ ಕಾಲಿಗೆ ಬಿದ್ದೆ.

"ದೇವರ ಮುಂದ ನನಗ್ಯಾಕ ಬೀಳ್ತಿ, ಏಳು," ಎಂದು ಅಪ್ಪ ಹಿಂದೆ ಸರಿದ.

"ಅಂದ ಮಾತು ಮನಸಿನ್ಯಾಗ ಇಟ್ಕೋಬ್ಯಾಡ ಅಪ್ಪಾ."

"ಯಾವ ಮಾತು?" ಎಂದ ಅಪ್ಪ. ನೆನಪಿದ್ದೂ ಕೇಳಿದ.

ಭಕ್ತರೇ, ನಾವು ಕೇಳುವುದರಲ್ಲಿ ತಪ್ಪುತ್ತೇವೆ, ಕೊಡುವುದರಲ್ಲೂ ತಪ್ಪುತ್ತೇವೆ. ನಮ್ಮ ಹಣಮಪ್ಪ ಕೊಟ್ಟದ್ದನ್ನು ಕೊಟ್ಟ ಹಾಗೆಯೇ ತೆಗೆದುಕೊಂಡು, ಅದರಲ್ಲೇ ನಮ್ಮ ಕೆಲಸ ಮಾಡಿಕೊಟ್ಟ. ನನ್ನ ಕಾಲಿನಾಣೆಗೂ ಇದು ಸತ್ಯ. ಬಲ ಮೊಣಕಾಲು ಚಳಿಗೆ ಈಗಲೂ ನೋಯುತ್ತದೆ. ಅದಕ್ಕಾಗಿ ನಾನು ಆತನನ್ನು ಏನೂ ಕೇಳಿಲ್ಲ.