ಜಯಮ್ಮನವರ ಮಗಳ ಜೊತೆ ನೀರಿಗಿಳಿದದ್ದು

ಹೋದ ವಾರ ದೇವನಹಳ್ಳಿಯಲ್ಲಿ ಹಲ್ಲಿನ ಡಾಕ್ಟರು ನನ್ನ ಬಾಯಿಗೆ ರಬ್ಬರಿನಂಥದ್ದೇನನ್ನೋ ತುರುಕಿ, "ಕಚ್ಚಿ ಹಿಡ್ಕೊಳ್ಳಿ, ಮೂಗಲ್ಲಿ ಉಸಿರಾಡಿ" ಅಂದರು. ನಾನು ಬಾಯಲ್ಲೇ ಉಸಿರೆಳೆದು ಕೆಮ್ಮಿ ರಾದ್ಧಾಂತ ಮಾಡಿದೆ. ತಪ್ಪು ನನ್ನದಲ್ಲ. ಹಿಂದೊಮ್ಮೆ ಇದೇ ರುಚಿಯ ರಬ್ಬರನ್ನು ಕಚ್ಚಿಕೊಂಡಿದ್ದಾಗ ಇನ್ನೊಬ್ಬರು, "ಮೂಗು ಇದೆ ಅನ್ನೋದನ್ನೇ ಮರ್ತುಬಿಡಿ ಮೇಡಂ, ಬಾಯಲ್ಲೇ ಉಸಿರಾಡಿ" ಅಂತ ಹೇಳಿಕೊಟ್ಟಿದ್ದರು. ಅದು ನಡುಸಮುದ್ರದಲ್ಲಿ.

ಬಯಲುಸೀಮೆಯ ಕನ್ನಡ ಮೇಡಂಗೆ ನಡುಸಮುದ್ರದಲ್ಲೇನು ಕೆಲಸ ಎಂದು ನೀವು ಕೇಳಬಹುದು. ವಿಮಾನ ನಿಲ್ದಾಣ ಬಂದ ಮೇಲೆ ನಮ್ಮ ಬೂದಿಗೆರೆ ಕಡೆ ಏನೇನೋ ಬಂದವು. ಅಗಲವಾದ ರಸ್ತೆ ಬಂತು, ಕಾಂಪೌಂಡುಗಳು ಬಂದವು, ದ್ರಾಕ್ಷಿ ತೋಟವಿದ್ದ ಜಾಗದಲ್ಲಿ ಹೆಸರಿಗೆ 'ಇಂಟರ್‌ನ್ಯಾಷನಲ್' ಎಂದು ಸೇರಿಸಿಕೊಂಡ ಶಾಲೆಯೊಂದು ಬಂತು. ಅಲ್ಲಿ ನಾನು ಕನ್ನಡ ಹೇಳಿಕೊಡುತ್ತಿದ್ದೆ. ತಲೆಯ ಮೇಲೆ ವಿಮಾನ ಹೋಗುವಾಗ ಪಾಠ ನಿಲ್ಲಿಸಿ, ಸದ್ದು ದೂರವಾದ ಮೇಲೆ ಷಟ್ಪದಿಯನ್ನು ಬಿಟ್ಟಲ್ಲಿಂದ ಹಿಡಿಯುವುದು ಅಭ್ಯಾಸವಾಗಿಹೋಗಿತ್ತು. ಪ್ರವಾಸವೆಂದರೆ ಬೇಲೂರು, ಹಳೇಬೀಡು ಎಂದುಕೊಂಡವಳಿಗೆ ಪ್ರಿನ್ಸಿಪಾಲರು ಒಂದು ದಿನ, ಮುರ್ಡೇಶ್ವರಕ್ಕೆ ಹೋಗಿ ಮಕ್ಕಳನ್ನು ಸ್ಕೂಬಾ ಡೈವಿಂಗ್ ಮಾಡಿಸುತ್ತೇವೆ ಎಂದರು.

"ಹೆಣ್ಮಕ್ಕಳಿದಾರೆ, ಒಬ್ರು ಲೇಡಿ ಟೀಚರ್ ಇರ್ಲೇಬೇಕು. ನೀವು ಸುಮ್ನೆ ದಡದಲ್ಲಿ ಕೂತಿದ್ರೆ ಸಾಕು ಮೇಡಂ."

ಕೂರುವುದರಲ್ಲಿ ನನಗೆ ಒಳ್ಳೆಯ ಅನುಭವವಿತ್ತು. ಒಪ್ಪಿಕೊಂಡೆ.

ಹೊರಡುವ ಮುನ್ನಾದಿನ ಜಯಮ್ಮ ನನ್ನನ್ನು ಹುಡುಕಿಕೊಂಡು ಬಂದರು. ಒಂಬತ್ತನೇ ಕ್ಲಾಸಿನ ಮೇಘನಾಳ ತಾಯಿ. ಮನೆಯ ಮುಂದೆ ಶೀಟು ಇಳಿಸಿ, ವಿಮಾನ ನಿಲ್ದಾಣದಲ್ಲಿ ಕೆಲಸ ಮಾಡುವ ಹುಡುಗರಿಗೆ ಮುದ್ದೆ ಊಟ ಹಾಕುತ್ತಿದ್ದ ಗಟ್ಟಿ ಹೆಂಗಸು. ಅವತ್ತು ಮಾತ್ರ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನಿಂತಿದ್ದರು.

"ಅತ್ತು ಕರೆದು ಒಪ್ಸಿದಾಳೆ ಮೇಡಂ. ಹೋಗ್ಲಿ, ಸಮುದ್ರ ನೋಡ್ಕೊಂಡು ಬರ್ಲಿ. ಆದ್ರೆ ನೀರಿಗೆ ಮಾತ್ರ ಇಳಿಸ್ಬೇಡಿ. ನಿಮ್ಗೆ ಗೊತ್ತಲ್ಲ."

ಗೊತ್ತಿತ್ತು. ಮೇಘನಾಳ ಅಣ್ಣ ಚೇತನ್ ಕಲ್ಲುಕ್ವಾರಿಯ ಹೊಂಡದಲ್ಲಿ ಈಜಲು ಹೋಗಿ ಮುಳುಗಿದ್ದ. ಹುಡುಗಿ ಆಗ ಐದನೇ ಕ್ಲಾಸು. ಅದು ಊರಿಗೆಲ್ಲ ತಿಳಿದ ವಿಷಯ, ಅವರ ಮನೆಯೊಳಗೆ ಮಾತ್ರ ಯಾರೂ ಆಡದ ವಿಷಯ. ಇಳಿಸುವುದಿಲ್ಲ ಎಂದು ಜಯಮ್ಮನ ಕೈ ಹಿಡಿದು ಹೇಳಿದೆ.

ಮುರ್ಡೇಶ್ವರದ ದಡದಲ್ಲಿ ಮೊದಲು ಆಳವಿಲ್ಲದ ನೀರಿನಲ್ಲಿ ಅಭ್ಯಾಸ. ಮಕ್ಕಳು ಮುಖವಾಡ ತೊಟ್ಟು, ಒಬ್ಬರನ್ನೊಬ್ಬರು ನೋಡಿ ಕಿರುಚುತ್ತಿದ್ದರು. ಮೇಘನಾ ಮಾತ್ರ ನನ್ನ ಪಕ್ಕ ಮರಳಿನ ಮೇಲೆ ಕೂತಿದ್ದಳು. ಬಹಳ ಹೊತ್ತಾದ ಮೇಲೆ, "ಮಿಸ್, ನಾನೂ ಇಳೀತೀನಿ" ಅಂದಳು.

"ಅಮ್ಮ ಬೇಡ ಅಂದಿದಾರೆ ಕಣೇ."

"ಮನೇಲಿ ಅಣ್ಣನ ಹೆಸ್ರೇ ಎತ್ತಲ್ಲ ಮಿಸ್. ಯಾರಾದ್ರೂ ಕೆರೆ, ಬಾವಿ ಅಂದ್ರೂ ಅಮ್ಮ ಎದ್ದು ಒಳಗೆ ಹೋಗ್ಬಿಡ್ತಾರೆ. ನನ್ಗೆ ನೀರಿನ ಒಳಗೆ ಹೇಗಿರತ್ತೆ ಅಂತ ಒಂದ್ಸಲ ನೋಡ್ಬೇಕು."

ಹಟದ ದನಿಯಾಗಿದ್ದರೆ ಗದರಬಹುದಿತ್ತು. ಅದು ಹಟವಾಗಿರಲಿಲ್ಲ. ಇದನ್ನು ತೀರ್ಮಾನಿಸಲು ನಾನು ಯಾರು ಎನ್ನಿಸಿ ಜಯಮ್ಮನಿಗೆ ಫೋನ್ ಮಾಡಿ, ಅದೇ ಮಾತನ್ನು ಮೇಘನಾಳ ಬಾಯಿಂದಲೇ ಹೇಳಿಸಿದೆ. ಹುಡುಗಿ ಹೇಳಿ ಮುಗಿಸಿ ಫೋನನ್ನು ನನ್ನ ಕೈಗಿಟ್ಟಳು. ಆ ಕಡೆಯಿಂದ ಪಾತ್ರೆಯ ಸದ್ದು, ಯಾರೋ ಸಾರು ಕೇಳುತ್ತಿದ್ದುದು ಕೇಳಿಸಿತು. ಆ ಸದ್ದೆಲ್ಲ ದೂರವಾಗಿ, ಜಯಮ್ಮ ಸಣ್ಣಗೆ ಕೇಳಿದರು:

"ನೀವು ಜೊತೇಲಿ ಇಳೀತೀರಾ ಮೇಡಂ?"

ನನಗೆ ಈಜು ಬಾರದು. ತಲೆಗೆ ನೀರು ಹಾಕಿಕೊಳ್ಳುವಾಗಲೂ ಕಣ್ಣು ಬಿಗಿಯಾಗಿ ಮುಚ್ಚುವವಳು ನಾನು. ಆದರೆ ಆ ಪ್ರಶ್ನೆಗೆ ಇನ್ನೊಂದು ಉತ್ತರ ಇರಲಿಲ್ಲ.

"ಇಳೀತೀನಿ ಜಯಮ್ಮ. ಕೈ ಬಿಡಲ್ಲ."

ಸೀರೆಯ ಮೇಡಂ ಕರಿ ರಬ್ಬರಿನ ಉಡುಪಿನೊಳಗೆ ತೂರಿಕೊಂಡ ದೃಶ್ಯವನ್ನು ನಿಮ್ಮ ಕಲ್ಪನೆಗೆ ಬಿಡುತ್ತೇನೆ. ಮಕ್ಕಳು ಬಿಡಲಿಲ್ಲ, ಫೋಟೋ ತೆಗೆದರು. ಈಜು ಬಾರದವರೂ ಇಳಿಯಬಹುದು, ಒಬ್ಬೊಬ್ಬರನ್ನೂ ಒಬ್ಬೊಬ್ಬ ತರಬೇತುದಾರ ಬೆನ್ನ ಹಿಂದಿನಿಂದ ಹಿಡಿದೇ ಇರುತ್ತಾನೆ ಎಂದು ಧೈರ್ಯ ಹೇಳಿ, ಕೈಸನ್ನೆಗಳನ್ನೂ ಕಲಿಸಿದ್ದರು. ಮೂಗನ್ನು ಮರೆಯುವುದರಲ್ಲೇ ಮುಳುಗಿದ್ದ ನನಗೆ ಆ ಸನ್ನೆಗಳು ತಲೆಗೆ ಹತ್ತಿರಲಿಲ್ಲ. ದೋಣಿ ನೇತ್ರಾಣಿ ದ್ವೀಪದ ಹತ್ತಿರ ನಿಂತಿತು. ಮೇಘನಾಳ ಕೈ ಹಿಡಿದುಕೊಂಡು ನೀರಿಗಿಳಿದೆ.

ಮೊದಲು ಹೆದರಿಕೆ, ಆಮೇಲೆ ಬೆರಗು. ಹಳದಿ ಪಟ್ಟೆಯ ಮೀನುಗಳು ನಮ್ಮನ್ನು ಗಣನೆಗೇ ತೆಗೆದುಕೊಳ್ಳದೆ ಓಡಾಡುತ್ತಿದ್ದವು. ನನ್ನ ತರಬೇತುದಾರ ಹೇಗಿದ್ದೀರಿ ಎಂದು ಸನ್ನೆ ಮಾಡಿದ. ಬಹಳ ಚೆನ್ನಾಗಿದ್ದೇನೆ ಎಂದು ನಾನು ಉತ್ಸಾಹದಿಂದ ಹೆಬ್ಬೆರಳು ಎತ್ತಿ ತೋರಿಸಿದೆ. ನೀರಿನ ಕೆಳಗೆ ಅದಕ್ಕೆ 'ಮೇಲಕ್ಕೆ ಕರೆದುಕೊಂಡು ಹೋಗು' ಎಂದು ಅರ್ಥ. ಅವನು ನನ್ನ ಕೈಯನ್ನು ಹುಡುಗಿಯ ಕೈಯಿಂದ ಬಿಡಿಸಿ, ಮೇಲಕ್ಕೆ ತಂದುಬಿಟ್ಟ.

ಬಿಸಿಲಿಗೆ ಕಣ್ಣು ಬಿಟ್ಟಾಗ ಪಕ್ಕದಲ್ಲಿ ಅವಳಿಲ್ಲ. ಅವಳ ತರಬೇತುದಾರ ಅವಳ ಜೊತೆಗೇ ಇದ್ದಾನೆಂದು ಗೊತ್ತಿತ್ತು. ಆದರೂ ಜಯಮ್ಮನ ಸಣ್ಣ ದನಿ ಕಿವಿಯಲ್ಲಿತ್ತು.

"ಅಯ್ಯೋ, ಮತ್ತೆ ಕರ್ಕೊಂಡು ಹೋಗಪ್ಪಾ! ಹುಡುಗಿ ಕೆಳಗಿದಾಳೆ!"

"ಮೇಡಂ, ಅವರು ಆರಾಮಾಗಿದಾರೆ. ನೀವು ಸುಧಾರಿಸ್ಕೊಳ್ಳಿ."

"ಸುಧಾರಿಸ್ಕೊಳ್ಳೋದು ಆಮೇಲೆ. ನಡಿ ಮೊದ್ಲು!"

ಎರಡನೇ ಸಲ ಇಳಿಯುವಾಗ ಹೆದರಲು ಪುರಸೊತ್ತೇ ಆಗಲಿಲ್ಲ. ಮೇಘನಾ ಬಂಡೆಯೊಂದರ ಪಕ್ಕ ಅಲುಗಾಡದೆ ಇದ್ದಳು. ನನ್ನನ್ನು ನೋಡಿ ಅವಳೇ ಕೈ ಚಾಚಿದಳು. ಹಿಡಿದುಕೊಂಡೆ. ಯಾರು ಯಾರನ್ನು ನೋಡಿಕೊಳ್ಳುತ್ತಿದ್ದರೋ ಈಗ ಹೇಳಲಾರೆ.

ವಾಪಸು ಬರುವ ದೋಣಿಯಲ್ಲಿ ಎಲ್ಲರೂ ಒಟ್ಟಿಗೇ ಮಾತಾಡುತ್ತಿದ್ದರು. ಮೇಘನಾ ನನ್ನ ಭುಜಕ್ಕೆ ಒರಗಿ ಕೇಳಿದಳು: "ಅಣ್ಣಂಗೂ ಒಳಗೆ ಹೀಗೇ ಸದ್ದಿಲ್ದೆ ಇತ್ತಾ ಮಿಸ್?"

"ಗೊತ್ತಿಲ್ಲ ಕಣೇ" ಎಂದು ಅವಳ ಒದ್ದೆ ಕೂದಲನ್ನು ಹಣೆಯಿಂದ ಸರಿಸಿದೆ. ಅವಳು ಅಳತೊಡಗಿದಳು. ಪಕ್ಕದ ಹುಡುಗಿಯರು ಏನೂ ಕೇಳದೆ ಒಂದು ಟವೆಲನ್ನು ತಂದು ಅವಳಿಗೆ ಹೊದಿಸಿ, ಒತ್ತಿಕೊಂಡು ಕೂತರು.

ಬಸ್ಸು ಶಾಲೆಗೆ ಬಂದಾಗ ಜಯಮ್ಮ ಗೇಟಿನಲ್ಲೇ ಇದ್ದರು. ಮಗಳ ತಲೆಯನ್ನು ಎಳೆದುಕೊಂಡು ಮೂಸಿದರು. ಕೂದಲಲ್ಲಿ ಇನ್ನೂ ಉಪ್ಪಿತ್ತು.

"ಮಧ್ಯೆ ಒಂದ್ಸಲ ಕೈ ತಪ್ಪಿಹೋಯ್ತು ಜಯಮ್ಮ" ಎಂದೆ. "ಮತ್ತೆ ಹೋಗಿ ಹಿಡ್ಕೊಂಡೆ."

"ಮತ್ತೆ ಹೋದ್ರಲ್ಲ" ಎಂದರು, ಅಷ್ಟೇ.

ಇದೆಲ್ಲ ನೆನಪಾಗಿ, ಡಾಕ್ಟರ ಹತ್ತಿರದಿಂದ ಬಂದ ಸಂಜೆ ಜಯಮ್ಮನಿಗೆ ಫೋನ್ ಮಾಡಿದೆ. ವರ್ಷಗಳೇ ಆಗಿದ್ದವು. ಮೇಘನಾ ಮಂಗಳೂರಿನಲ್ಲಿ ನರ್ಸ್ ಆಗಿದ್ದಾಳಂತೆ.

"ಹೋದ ತಿಂಗಳು ನನ್ನೂ ಸಮುದ್ರಕ್ಕೆ ಕರ್ಕೊಂಡೋಗಿದ್ಲು ಮೇಡಂ. ಮೊಣಕಾಲಷ್ಟು ನೀರಲ್ಲಿ ನಿಂತಿದ್ದೆ."

"ಭಯ ಆಗ್ಲಿಲ್ವಾ?"

"ಆಯ್ತು. ಇಬ್ರೂ ಅತ್ವಿ. ಆಮೇಲೆ ಚೇತನ್ ನೆನಪಾದ ನೋಡಿ, ಸಣ್ಣೋನಿದ್ದಾಗ ತಲೆಗೆ ನೀರು ಹಾಕ್ತೀನಿ ಅಂದ್ರೆ ಓಡೋಗೋನು. ಮೈಯೆಲ್ಲ ಸೋಪು, ಜಾರ್ತಾನೆ, ನಾನು ಹಿಂದೆ ಚೊಂಬು ಹಿಡ್ಕೊಂಡು ಬೀದೀಲಿ…" ಎಂದು ಜಯಮ್ಮ ನಗತೊಡಗಿದರು.

ಆ ಹೆಸರನ್ನು ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಅವರು ಹೇಳುತ್ತಲೇ ಹೋದರು. ನಾನು ಕುರ್ಚಿ ಎಳೆದುಕೊಂಡು ಕೂತೆ.